ಮಾಡದ ತಪ್ಪಿನ ಪಾಠ

ಕಪ್ಪತಗುಡ್ಡ ತಡೆಮನೆ
ಫೆಬ್ರವರಿ 30, 2171

ಮಾನ್ಯ ಎಸ್ತೇರ ಸಿಸ್ಟರ್ ಅವರಿಗೆ,

ತಾರೀಖು ತಪ್ಪಿಲ್ಲ. ನಿಮ್ಮ ಕಾಲದಲ್ಲಿ ಫೆಬ್ರವರಿಗೆ ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ ದಿನ ಇದ್ದವೆಂದು ಓದಿದ್ದೇನೆ. ನಮ್ಮ ಹಿರಿಯರು ಜುಲೈ ಮತ್ತು ಆಗಸ್ಟಿನಿಂದ ಒಂದೊಂದು ದಿನ ಕಿತ್ತು ಅದಕ್ಕೆ ಸೇರಿಸಿದರು. ಮೂವತ್ತನೆಯ ದಿನವನ್ನು ತಾಲೀಮಿಗೆಂದು ಮೀಸಲಿಟ್ಟರು. ಆ ದಿನ ಭೂಮಿಯ ಮೇಲಿನ ಎಲ್ಲ ಆಸ್ಪತ್ರೆಗಳೂ, ಬಾರದ ರೋಗ ಬಾಗಿಲಿಗೆ ಬಂದೇಬಿಟ್ಟಿದೆ ಎಂಬಂತೆ ನಡೆದುಕೊಳ್ಳುತ್ತವೆ. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದು ನೀವು ನಗೆಯಾಡುತ್ತಿದ್ದ ಮಾತನ್ನು ನಾವು ಕ್ಯಾಲೆಂಡರಿನಲ್ಲೇ ತಿದ್ದಿಬಿಟ್ಟೆವು.

ನನ್ನ ಮಾತು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮೆ ಇರಲಿ. ಇಷ್ಟು ವರ್ಷಗಳಲ್ಲಿ ಕನ್ನಡ ಎಷ್ಟೋ ತಿರುವು ದಾಟಿದೆ. ನಿಮ್ಮ ಕಾಲದ ಪುಸ್ತಕಗಳನ್ನು ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ, ಆದರೂ ಅಲ್ಲಲ್ಲಿ ನಮ್ಮ ಪದ ನುಸುಳುತ್ತದೆ. ಮೂವತ್ತು ವರ್ಷ ಸೇವೆ ಮುಗಿಸಿದ ಆಸ್ಪತ್ರೆಯವರಿಗೆ ಹಿಂದಿನ ಕಾಲಕ್ಕೆ ಒಂದೇ ಒಂದು ಕಾಗದ ಕಳಿಸುವ ಅವಕಾಶವಿದೆ. ಅದನ್ನು ಹಿಂದಂಚೆ ಎನ್ನುತ್ತೇವೆ. ತಲುಪುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಉತ್ತರವಂತೂ ಈವರೆಗೆ ಬಂದಿಲ್ಲ. ಮುಂದೆ ಬರುವ ರೋಗಗಳ ಹೆಸರು ಬರೆಯುವಂತಿಲ್ಲ, ಬರೆದರೆ ಅಂಚೆಯವರು ಅದರ ಮೇಲೆ ಕಪ್ಪು ಬಳಿಯುತ್ತಾರೆ. ಎಲ್ಲರೂ ತಾವು ಕಾಣದ ಮುತ್ತಜ್ಜಿಗೋ ಮುತ್ತಜ್ಜನಿಗೋ ಬರೆಯುತ್ತಾರೆ. ನೀವು ನನಗೆ ಸಂಬಂಧದಲ್ಲಿ ಏನೂ ಆಗಬೇಕಾಗಿಲ್ಲ. ಆದರೂ ನನ್ನ ಒಂದೇ ಕಾಗದವನ್ನು ನಿಮಗೇ ಬರೆಯುತ್ತಿದ್ದೇನೆ. ಕಾರಣವನ್ನು ಸುತ್ತಿ ಬಳಸದೆ ಹೇಳುತ್ತೇನೆ. ನನಗೆ ನಿಮ್ಮನ್ನು ಕಂಡರೆ ಹೊಟ್ಟೆಕಿಚ್ಚು. ಬಹುವಚನದಲ್ಲಿ ಕರೆಯುತ್ತಿರುವುದು ಮರ್ಯಾದೆಗೆ, ಮನಸ್ಸಿನಲ್ಲಿ ಎಷ್ಟೋ ಸಲ ಏಕವಚನದಲ್ಲೇ ಮಾತಾಡಿಸಿದ್ದೇನೆ.

ನಮ್ಮ ಶಾಲೆಯ ಮಕ್ಕಳಿಗೆ ಅಕ್ಷರ ಬರುವ ಮೊದಲೇ ನಿಮ್ಮ ಹೆಸರು ಬರುತ್ತದೆ. ನೀವು ತಾಲ್ಲೂಕು ಆಸ್ಪತ್ರೆಯೊಂದರ ನೋಟ್‌ಬುಕ್ಕಿನಲ್ಲಿ ನೀಲಿ ಶಾಯಿಯಿಂದ, ಅವಸರದ ಅಕ್ಷರದಲ್ಲಿ ಬರೆದ ನಾಲ್ಕು ವಾಕ್ಯಗಳು ನಮ್ಮ ಪಠ್ಯದ ಮೊದಲ ಪುಟದಲ್ಲಿವೆ. ‘ಬೆವರಿಗೆ ಕನ್ನಡಕ ಜಾರಿತು. ಗ್ಲೌಸು ಹಾಕಿದ ಬೆರಳಿನಿಂದಲೇ ಮೇಲೆ ತಳ್ಳಿಕೊಂಡೆ. ತಪ್ಪು ನನ್ನದು. ಯಾರೂ ನೋಡಲಿಲ್ಲ.’ ಈ ಕಾಗದ ಕೈಗೆ ಬರುವ ಹೊತ್ತಿಗೆ ನೀವು ಅದನ್ನು ಬರೆದಾಗಿದೆಯೋ, ಇನ್ನು ಬರೆಯಬೇಕೋ ನನಗೆ ತಿಳಿಯದು. ಹೆದರಬೇಡಿ, ನೀವು ಎರಡು ವಾರ ಮಲಗಿ ಎದ್ದು ಕೂರುತ್ತೀರಿ. ನಿಮ್ಮ ಮೇಲಿನವರು ನಿಮ್ಮನ್ನು ಗದರಲಿಲ್ಲ, ಕೆಲಸದಿಂದ ತೆಗೆಯಲಿಲ್ಲ. ಆ ಪುಟದ ನಕಲು ತೆಗೆದು ಗೋಡೆಗೆ ಅಂಟಿಸಿದರು. ನಮ್ಮ ಲೋಕ ಶುರುವಾದದ್ದು ಆ ಗೋಡೆಯಿಂದ.

ಯಾರೂ ನೋಡಲಿಲ್ಲ ಎಂಬ ನಿಮ್ಮ ಮಾತಿನಿಂದ ಕನ್ನಡಿ ಹುಟ್ಟಿತು. ಕನ್ನಡಿ ಎಂದರೆ ನಮ್ಮಲ್ಲಿ ಒಬ್ಬ ಮನುಷ್ಯ. ಸೋಂಕಿನ ಕೋಣೆಗೆ ಒಬ್ಬರು ಹೋದರೆ, ಗಾಜಿನಾಚೆ ಇನ್ನೊಬ್ಬರು ನಿಂತು ಅವರ ಕೈ ಎಲ್ಲಿಗೆ ಹೋಗುತ್ತಿದೆ ಎಂಬುದನ್ನಷ್ಟೇ ನೋಡುತ್ತಿರಬೇಕು. ಬೇರೆ ಕೆಲಸ ಮಾಡುವಂತಿಲ್ಲ, ಆಕಳಿಸುವಂತಿಲ್ಲ. ಕೈ ತಪ್ಪುತ್ತಿದೆ ಎನಿಸಿದ ಕೂಡಲೇ ‘ನಿಲ್ಲು’ ಎನ್ನಬೇಕು. ಆ ಒಂದು ಪದಕ್ಕೆ ದೊಡ್ಡ ಡಾಕ್ಟರೂ ನಿಲ್ಲಬೇಕು. ನಿಮ್ಮನ್ನು ಗದರದೆ ಬಿಟ್ಟರಲ್ಲ, ಅದರಿಂದ ಇನ್ನೊಂದು ಪದ್ಧತಿ ಹುಟ್ಟಿತು. ಅದರ ಹೆಸರು ತಪ್ಪಿನ ಪಂಕ್ತಿ. ತಾಲೀಮಿನ ದಿನ ಮಧ್ಯಾಹ್ನ ಎಲ್ಲರೂ ಸಾಲಾಗಿ ಊಟಕ್ಕೆ ಕೂರುತ್ತೇವೆ. ಆ ವರ್ಷ ತಮ್ಮ ತಪ್ಪನ್ನು ತಾವೇ ಹೇಳಿಕೊಂಡವರಿಗೆ ಮೊದಲ ಪಂಕ್ತಿ, ಮೊದಲ ತುತ್ತು. ಅವರು ಎದ್ದು ನಿಂತು ತಪ್ಪನ್ನು ವಿವರಿಸುತ್ತಾರೆ. ಅವರನ್ನು ಯಾರೂ ಎದುರುಪ್ರಶ್ನೆ ಕೇಳುವಂತಿಲ್ಲ. ಅವರ ಕನ್ನಡಿಯಾಗಿದ್ದವರು ‘ನೋಡಿದ್ದೇನೆ’ ಎಂದರೆ ಸಾಕು. ತಪ್ಪು ದೊಡ್ಡದಾಗಿದ್ದರೆ ಅದರಿಂದ ಒಂದು ಹೊಸ ನಿಯಮ ಹುಟ್ಟುತ್ತದೆ. ಅದಕ್ಕೆ ಪಾಠ ಎನ್ನುತ್ತಾರೆ, ತಪ್ಪಿದವರ ಹೆಸರನ್ನೇ ಇಡುತ್ತಾರೆ, ಎಲ್ಲ ತಡೆಮನೆಗಳ ಗೋಡೆಯ ಮೇಲೂ ಬರೆಯುತ್ತಾರೆ. ಮೊದಲನೆಯದು ಎಸ್ತೇರ ಪಾಠ. ನಿಮ್ಮ ಹೆಸರಿನ ಕೆಳಗೆ ನಿಂತು ನಾನು ದಿನಾ ಕೈ ತೊಳೆಯುತ್ತೇನೆ.

ನನ್ನ ಹೆಸರು ಚಂಪವ್ವ ಹೊಂಬಳ. ಮೂವತ್ತೊಂದು ವರ್ಷದಿಂದ ಈ ತಡೆಮನೆಯಲ್ಲಿ ನರ್ಸು. ತಡೆಮನೆ ಎಂದರೆ ಹರಡುವ ರೋಗಗಳಿಗೆಂದೇ ಕಟ್ಟಿದ ಆಸ್ಪತ್ರೆ. ಗದಗಿನ ಆಚೆ, ಕಪ್ಪತಗುಡ್ಡದ ಬುಡದಲ್ಲಿದೆ. ಗುಡ್ಡದ ಮೇಲೆ ನಿಮ್ಮ ಕಾಲದ ಗಾಳಿಕಂಬಗಳು ಇನ್ನೂ ತಿರುಗುತ್ತಿವೆ, ರೆಕ್ಕೆ ಮಾತ್ರ ಬದಲಾಗಿವೆ. ಇಲ್ಲಿ ಒಳಗೆ ಹೋಗಲು ಹೋಗುಬಾಗಿಲು, ಹೊರಗೆ ಬರಲು ಬರುಬಾಗಿಲು. ಒಂದರಲ್ಲಿ ಹೋದವರು ಇನ್ನೊಂದರಲ್ಲೇ ಬರಬೇಕು, ಹೋದ ದಾರಿಯಲ್ಲಿ ಬೆಕ್ಕು ಕೂಡ ತಿರುಗಿ ಬರುವಂತಿಲ್ಲ. ನಾವು ಮೈಮೇಲೆ ಹಾಕಿಕೊಳ್ಳುವ ಮೈಚೀಲವನ್ನು ಬೆಟಗೇರಿಯ ಮಗ್ಗಗಳಲ್ಲಿ ನೇಯುತ್ತಾರೆ. ಹಗುರ, ನೀರು ಇಳಿಯದು, ಸೆಖೆಯೂ ಕಡಿಮೆ. ಉಗ್ರಾಣದಲ್ಲಿ ತೊಂಬತ್ತು ದಿನಕ್ಕಾಗುವಷ್ಟು ಮಾಸ್ಕು, ಔಷಧಿ, ಆಮ್ಲಜನಕ ಸದಾ ಇರುತ್ತವೆ. ಹಳೆಯದನ್ನು ಮುಂದಿಟ್ಟು ಹೊಸದನ್ನು ಹಿಂದಿಡುವುದು ನಮ್ಮ ಉಗ್ರಾಣದವರಿಗೆ ದೇವರ ಪೂಜೆ ಇದ್ದಂತೆ. ಮಾಸ್ಕು ಸಾಲದೆ ನೀವು ಒಂದೇ ಮಾಸ್ಕನ್ನು ಬಿಸಿಲಿಗೆ ಒಣಗಿಸಿ ಮತ್ತೆ ಕಟ್ಟಿಕೊಳ್ಳುತ್ತಿದ್ದಿರಿ ಎಂದು ಓದಿದಾಗ ಹೊಸಬರು ಕಣ್ಣೀರು ಹಾಕುತ್ತಾರೆ. ನಾನು ಹಾಕಿದ್ದಿಲ್ಲ. ಇಲ್ಲದಿದ್ದಾಗ ಮಾಡಿದ್ದೆಲ್ಲ ಸಾಹಸವಾಗಿ ಕಾಣುತ್ತದೆ, ಎಲ್ಲವನ್ನೂ ಹೊಂದಿಸಿಟ್ಟುಕೊಂಡು ಕಾಯುವವರ ಕಥೆಯನ್ನು ಯಾರೂ ಹಾಡುವುದಿಲ್ಲ.

ತಾಲೀಮು ವರ್ಷಕ್ಕೊಮ್ಮೆ ಮಾತ್ರ ಅಲ್ಲ. ಫೆಬ್ರವರಿ ಮೂವತ್ತು ದೊಡ್ಡದು, ಅದನ್ನು ಬಿಟ್ಟು ಹೇಳದೆ ಕೇಳದೆ ಬರುವವು ಹಲವು. ಸೋಗಿನ ರೋಗಿ ಎಂಬ ನಟನೊಬ್ಬ ಕೆಮ್ಮುತ್ತಾ ಬಂದು ಬಾಗಿಲಲ್ಲಿ ಬೀಳುತ್ತಾನೆ. ನಮ್ಮಲ್ಲಿಗೆ ಬರುವ ದ್ಯಾಮಣ್ಣ ಎಂಬಾತ ಹನ್ನೊಂದು ವರ್ಷದಿಂದ ಸಾಯುತ್ತಿದ್ದಾನೆ, ಅವನಷ್ಟು ಚೆನ್ನಾಗಿ ಸಾಯುವವರು ಈ ಜಿಲ್ಲೆಯಲ್ಲಿ ಇಲ್ಲ. ಅವನ ಮೈಗೆ ಹೊಳೆಹುಡಿ ಬಳಿದಿರುತ್ತಾರೆ. ಅದು ಬರಿಗಣ್ಣಿಗೆ ಕಾಣದು. ಎಲ್ಲ ಮುಗಿದು ಮೈಚೀಲ ಕಳಚಿದ ಮೇಲೆ ಕೋಣೆ ಕತ್ತಲು ಮಾಡಿ ನೇರಳೆ ದೀಪ ಹಚ್ಚುತ್ತಾರೆ. ಸೋಂಕು ತಾಗಿದ್ದರೆ ಎಲ್ಲಿ ತಾಗುತ್ತಿತ್ತೋ ಅಲ್ಲಿ ಮೈ ಹೊಳೆಯುತ್ತದೆ. ಡಾಕ್ಟರರಿಂದ ಹಿಡಿದು ಬಟ್ಟೆ ಒಗೆಯುವವರು, ಕಸ ಎತ್ತುವವರು, ಗಾಡಿ ನಡೆಸುವವರ ತನಕ ಎಲ್ಲರೂ ಆ ದೀಪದ ಕೆಳಗೆ ನಿಲ್ಲಬೇಕು. ಮೂವತ್ತೊಂದು ವರ್ಷದಲ್ಲಿ ನನ್ನ ಮೈ ಒಂದು ಸಲವೂ ಹೊಳೆದಿಲ್ಲ. ಒಂದು ಚುಕ್ಕೆಯೂ ಇಲ್ಲ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ಈಗ ತುಳಸವ್ವನ ವಿಷಯ ಹೇಳಬೇಕು. ತುಳಸವ್ವ ಸೂಡಿ ನನ್ನ ಜೊತೆಗೇ ಕೆಲಸಕ್ಕೆ ಸೇರಿದವಳು. ಸೇರಿದ ದಿನದಿಂದ ನಾನು ಅವಳ ಕನ್ನಡಿ, ಅವಳು ನನ್ನ ಕನ್ನಡಿ. ಒಂದು ದಿನ ಅವಳು ಒಳಗೆ, ಮರುದಿನ ನಾನು. ಮಾತಿನ ಮಲ್ಲಿ, ಕೈಯಲ್ಲಿ ಅವಸರ. ನೇರಳೆ ದೀಪ ಹಚ್ಚಿದರೆ ಅವಳು ದೀಪಾವಳಿಯ ಆಕಾಶಬುಟ್ಟಿ. ತಪ್ಪು ಮಾಡುತ್ತಾಳೆ, ನಗುತ್ತಾ ಹೇಳಿಕೊಳ್ಳುತ್ತಾಳೆ, ಮೊದಲ ಪಂಕ್ತಿಯಲ್ಲಿ ಕೂತು ಗೋಧಿ-ಬೆಲ್ಲದ ಮಾದಲಿಗೆ ಮೇಲಿಂದ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತಾಳೆ. ಅವಳ ಹೆಸರಿನಲ್ಲಿ ನಾಲ್ಕು ಪಾಠಗಳಿವೆ. ತಲೆಗೂದಲು ಟೊಪ್ಪಿಗೆಯಿಂದ ಹೊರಗೆ ಇಣುಕಿದ್ದಕ್ಕೆ ಒಂದು, ಬೂಟಿನ ಲಾಡಿ ಹಲ್ಲಿನಿಂದ ಬಿಚ್ಚಿದ್ದಕ್ಕೆ ಒಂದು, ಇನ್ನೆರಡು ಇಂಥವೇ. ಬೇರೆ ದೇಶಗಳಿಂದ ಬಂದವರು ‘ಸೂಡಿ ಪಾಠದ ತುಳಸವ್ವ ಯಾರು’ ಎಂದು ಕೇಳಿಕೊಂಡು ಬಂದು ಅವಳ ಜೊತೆ ಚಿತ್ರ ತೆಗೆಸಿಕೊಳ್ಳುತ್ತಾರೆ. ಚಿತ್ರ ತೆಗೆಯುವುದು ನಾನು. ಎಡವಿದವರಿಗೆಲ್ಲ ಹೆಸರು ಬಂತು, ಎಡವದೆ ನಡೆದವಳಿಗೆ ಎರಡನೆಯ ಪಂಕ್ತಿಯಲ್ಲಿ ಆರಿದ ರೊಟ್ಟಿ. ನಾನು ಅವಳನ್ನು ಪ್ರೀತಿಸುತ್ತಿದ್ದೆ. ಅವಳ ಮೇಲೆ ಹೊಟ್ಟೆಕಿಚ್ಚೂ ಇತ್ತು. ಎರಡೂ ಒಂದೇ ಒಲೆಯಲ್ಲಿ ಬೇಯುತ್ತಿದ್ದವು.

ಹೋದ ವರ್ಷದ ಫೆಬ್ರವರಿ ಮೂವತ್ತರಂದು ನಾನು ಮಾಡದ ತಪ್ಪೊಂದನ್ನು ಮಾಡಿದೆನೆಂದು ಹೇಳಿದೆ.

ಹೇಳಿದ್ದು ಇಷ್ಟು. ಒಳಗಿನಿಂದ ಬಂದು ರಕ್ಷಣೆಯ ಬಟ್ಟೆಗಳನ್ನು ಕಳಚುವಾಗ ನಾವು ಪ್ರತಿಯೊಂದನ್ನೂ ತೆಗೆದ ಮೇಲೆ ಕೈಗವಸಿನ ಮೇಲೆಯೇ ಮದ್ದಿನ ನೀರಿನಿಂದ ಕೈ ತೊಳೆಯುತ್ತೇವೆ. ಹೊರಗವಸು ತೆಗೆದ ಮೇಲೆ ಒಂದು ಸಲ, ಏಪ್ರನ್ ತೆಗೆದ ಮೇಲೆ ಇನ್ನೊಂದು, ಮೈಚೀಲ ತೆಗೆದ ಮೇಲೆ ಮೂರನೆಯದು. ಆಮೇಲಷ್ಟೇ ಕನ್ನಡಕಕ್ಕೆ ಕೈ ಹಾಕಬೇಕು, ಏಕೆಂದರೆ ಅಲ್ಲಿಂದ ಕಣ್ಣಿಗೆ ಬೆರಳಗಲದ ದೂರ. ಮೂರನೆಯ ಸಲ ತೊಳೆದಾಗ ಗವಸು ಜಾರುವಂತಾಗಿ, ಕನ್ನಡಕ ಕೈತಪ್ಪಿ ಕೆನ್ನೆಗೆ ಬಡಿಯಿತು ಎಂದೆ. ಇದು ತಾಲೀಮಿನಲ್ಲಿ ಆದದ್ದಲ್ಲ, ಮಾಮೂಲಿ ಕ್ಷಯದ ವಾರ್ಡಿನಿಂದ ಬಂದಾಗ ಆದದ್ದು ಎಂದೆ. ಹಾಗಾದರೆ ನೇರಳೆ ದೀಪದ ಸಾಕ್ಷಿ ಬೇಡ, ಕನ್ನಡಿಯ ಸಾಕ್ಷಿ ಸಾಕು. ರಾತ್ರಿಯೆಲ್ಲ ಕೂತು ಜೋಡಿಸಿದ ಸುಳ್ಳಲ್ಲ ಅದು. ಎರಡನೆಯ ಪಂಕ್ತಿಯಲ್ಲಿ ಕೂತಿದ್ದವಳು, ತುಳಸವ್ವನ ಎಲೆಗೆ ತುಪ್ಪ ಬೀಳುವುದನ್ನು ನೋಡಿ, ಎದ್ದು ನಿಂತು ಹೇಳಿಬಿಟ್ಟೆ.

ಪಾಠಗಳನ್ನು ತೀರ್ಮಾನಿಸುವ ಪಾಠಸಭೆಯ ಹಿರಿಯರು ಪದ್ಧತಿಯಂತೆ ತುಳಸವ್ವನ ಕಡೆ ತಿರುಗಿದರು. ಕ್ಷಯದ ವಾರ್ಡಿನಲ್ಲೂ ನನ್ನ ಕನ್ನಡಿ ಅವಳೇ. ನನ್ನ ಕೈಯಿಂದ ಯಾವ ಕನ್ನಡಕವೂ ಜಾರಿಲ್ಲ ಎಂಬುದು ಲೋಕದಲ್ಲಿ ನನ್ನನ್ನು ಬಿಟ್ಟರೆ ಅವಳೊಬ್ಬಳಿಗೇ ಗೊತ್ತಿತ್ತು. ತುತ್ತನ್ನು ಎಲೆಯ ಮೇಲಿಟ್ಟು ನನ್ನನ್ನು ನೋಡಿದಳು. ಎಷ್ಟು ಹೊತ್ತು ನೋಡಿದಳೆಂದರೆ ಬಡಿಸುವವರು ನಿಂತರು. ಆಮೇಲೆ, “ಹೂಂನ್ರಿ, ನೋಡೇನಿ. ಕಣ್ಣಾರೆ ನೋಡೇನಿ” ಎಂದಳು. ನನ್ನನ್ನು ಕರೆದೊಯ್ದು ಅವಳ ಪಕ್ಕದಲ್ಲಿ ಕೂರಿಸಿದರು. ಊಟ ಮುಗಿಸಿ ಕೈ ತೊಳೆಯುವಾಗ ಅವಳು ನನ್ನ ಕಿವಿಯ ಹತ್ತಿರ ಬಂದು ಹೇಳಿದ್ದು ಇನ್ನೂ ನೆನಪಿದೆ. “ಒಂದ ತಪ್ಪ ಮಾಡಾಕ ಮೂವತ್ತ ವರ್ಷ ಬೇಕಾತೇನಬೇ ಚಂಪಿ ನಿನಗ? ಅದನ್ನೂ ಮಾಡದನ ಮಾಡಿದಿ.” ನಾನು ನಕ್ಕೆ. ಅವಳೂ ನಕ್ಕಳು. ಗೆಳತಿಯ ಆಸೆ ಒಂದು ತುತ್ತಿನದು, ತೀರಿಸಿಕೊಳ್ಳಲಿ ಎಂದುಕೊಂಡಿರಬೇಕು.

ಅದು ತುತ್ತಿಗೆ ಮುಗಿಯಲಿಲ್ಲ. ಜೂನ್ ತಿಂಗಳಲ್ಲಿ ಎಲ್ಲ ತಡೆಮನೆಗಳ ಗೋಡೆಯ ಮೇಲೆ ಹೊಸ ಸಾಲು ಬಂತು. ‘ಹೊಂಬಳ ಪಾಠ: ಕನ್ನಡಕ ತೆಗೆಯುವ ಮೊದಲಿನ ಕೈತೊಳೆತ ಬೇಡ, ತೆಗೆದ ಮೇಲೆ ತೊಳೆಯಿರಿ.’ ಸಾವಿರದ ಚಿಲ್ಲರೆ ತಡೆಮನೆಗಳಲ್ಲಿ ಹೊಸಬರು ಅದನ್ನು ಬಾಯಿಪಾಠ ಮಾಡಿದರು. ಬೆಳಿಗ್ಗೆ ಕೆಲಸಕ್ಕೆ ಬಂದವಳು ಮೊದಲು ಆ ಗೋಡೆಯ ಮುಂದೆ ಹೋಗಿ ನಿಲ್ಲುತ್ತಿದ್ದೆ. ನಿಮ್ಮ ಹೆಸರಿನಿಂದ ನನ್ನ ಹೆಸರಿಗೆ ಹನ್ನೆರಡು ಅಡಿ. ಅಳೆದಿದ್ದೇನೆ. ಪಾಠ ತಪ್ಪೆಂದು ನನಗೆ ಗೊತ್ತಿರಲಿಲ್ಲ ಎಂದು ಬರೆಯಬಹುದಿತ್ತು. ಗೊತ್ತಿತ್ತು. ಆದರೆ ನಮ್ಮ ಕಡೆ ಅಂಥ ದೊಡ್ಡ ರೋಗ ಬಂದು ನಲವತ್ತು ವರ್ಷವಾಗಿತ್ತು. ಬಂದಾಗ ನೋಡಿಕೊಳ್ಳೋಣ ಎಂದುಕೊಂಡೆ. ನಿಮ್ಮ ಕಾಲದವರನ್ನು ಬೈಯಲು ನಾವು ಮಕ್ಕಳಿಗೆ ಕಲಿಸುವ ಮಾತು ಇದೇ.

ಈ ಫೆಬ್ರವರಿ ಹದಿನಾಲ್ಕರಂದು ಡಂಬಳದ ಕಡೆಯ ಕುರಿಗಾಹಿಯೊಬ್ಬನನ್ನು ಕರೆತಂದರು. ದ್ಯಾಮಣ್ಣನ ಹೊಸ ವೇಷ ಎಂದುಕೊಂಡು ಬಾಗಿಲಿನವರು ಮುಗುಳ್ನಕ್ಕರು. ವೇಷವಲ್ಲ. ಆ ಜ್ವರದ ಹೆಸರು ಬರೆದರೆ ಅಂಚೆಯವರು ಕಪ್ಪು ಬಳಿಯುತ್ತಾರೆ, ಅದಕ್ಕೆ ಆ ಜ್ವರ ಎಂದೇ ಬರೆಯುತ್ತೇನೆ. ಗಂಟೆ ಹೊಡೆದ ಒಂಬತ್ತು ನಿಮಿಷಕ್ಕೆ ಎಲ್ಲರೂ ಅವರವರ ಜಾಗದಲ್ಲಿದ್ದರು. ಒಬ್ಬರೂ ಓಡಲಿಲ್ಲ, ಒಬ್ಬರೂ ಕೂಗಲಿಲ್ಲ. ನನ್ನ ಜೀವಮಾನದ ತಾಲೀಮು ಕೊನೆಗೂ ನಿಜವಾಯಿತು. ಆದರೆ ಅಂದು ಒಳಗೆ ಹೋಗುವ ಸರದಿ ತುಳಸವ್ವನದು. ಒಂದು ದಿನ ತಡವಾಗಿ ಬಂದಿದ್ದರೆ ಅವನು ನನ್ನ ರೋಗಿ. ಮೂವತ್ತೊಂದು ವರ್ಷ ಒಂದು ಚುಕ್ಕೆ ಇಲ್ಲದೆ ಕಾಯ್ದವಳು ಗಾಜಿನ ಹೊರಗೆ, ಆಕಾಶಬುಟ್ಟಿ ಒಳಗೆ. ಆ ಮನುಷ್ಯ ಉಸಿರಿಗೆ ಒದ್ದಾಡುತ್ತಿದ್ದಾಗ ನನ್ನ ಮನಸ್ಸಿನಲ್ಲಿದ್ದುದು ಇದು.

ನಾಲ್ಕು ಗಂಟೆ ಅವಳು ಒಳಗಿದ್ದಳು. ಇಷ್ಟು ಚೆನ್ನಾಗಿ ಕೆಲಸ ಮಾಡಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಅವಸರವಿಲ್ಲ, ಹರಟೆಯಿಲ್ಲ. ಕುರಿಗಾಹಿ ಬದುಕಿದ, ಮೊನ್ನೆ ಮನೆಗೆ ಹೋದ. ಮಧ್ಯಾಹ್ನ ಅವಳು ಬರುಬಾಗಿಲ ಕೋಣೆಗೆ ಬಂದು ಕಳಚತೊಡಗಿದಳು. ನನ್ನ ಹಿಂದೆ ಒಂಬತ್ತು ಜನ ಹೊಸಬರು ಕಲಿಯಲೆಂದು ನಿಂತಿದ್ದರು. ಹೊರಗವಸು ತೆಗೆದಳು, ತೊಳೆದಳು. ಏಪ್ರನ್ ತೆಗೆದಳು, ತೊಳೆದಳು. ಮೈಚೀಲ ಕಳಚಿದಳು. ಹಳೆಯ ರೂಢಿಯಂತೆ ಅವಳ ಕೈ ಮದ್ದಿನ ನಲ್ಲಿಯ ಕಡೆಗೆ ಹೋಯಿತು, ಹೋಗಿ ನಿಂತಿತು. ತಲೆ ಎತ್ತಿ ಗಾಜಿನ ಮೂಲಕ ನನ್ನನ್ನು ನೋಡಿದಳು. ನಲ್ಲಿಯ ಮೇಲೆಯೇ ನನ್ನ ಹೆಸರು ಬರೆದಿತ್ತು. ಅವಳು ಕೇಳುತ್ತಿದ್ದುದು ಒಂದೇ, ತೊಳೆಯಲೋ ಬೇಡವೋ. ತೊಳೆದರೆ ಒಂಬತ್ತು ಜನ ಏಕೆಂದು ಕೇಳುತ್ತಾರೆ, ನನ್ನ ಸುಳ್ಳು ಬಯಲಾಗುತ್ತದೆ. ಕನ್ನಡಿಯ ಕೆಲಸ ಒಂದು ಪದದ ಕೆಲಸ. ‘ನಿಲ್ಲು’ ಎನ್ನಬೇಕಿತ್ತು. ನಾನು ಸುಮ್ಮನಿದ್ದೆ. ಬೇಲಿಯೇ ಎದ್ದು ಹೊಲ ಮೇಯ್ದಿತು. ಅವಳು ನನ್ನ ಮುಖವನ್ನು ಇನ್ನೊಂದು ಗಳಿಗೆ ನೋಡಿ, ಕೈ ಹಿಂದಕ್ಕೆ ತೆಗೆದುಕೊಂಡು, ಹೊಂಬಳ ಪಾಠದಂತೆ ತೊಳೆಯದ ಕೈಯಿಂದ ಕನ್ನಡಕ ತೆಗೆದಳು. ಬೆವರಿಗೆ ಅಂಟಿದ್ದ ಪಟ್ಟಿ ಬಿಡಲಿಲ್ಲ. ಬೆರಳು ಕಣ್ಣಿನ ಕೆಳಗೆ ಸವರಿತು.

ಐದು ದಿನಕ್ಕೆ ಅವಳಿಗೆ ಜ್ವರ ಬಂತು. ಈಗ ಏಳನೆಯ ಗಾಜುಕೋಣೆಯಲ್ಲಿ ಮಲಗಿದ್ದಾಳೆ. ಇಂದಿಗೆ ಜ್ವರದ ಹನ್ನೆರಡನೆಯ ದಿನ. ಹದಿನಾಲ್ಕು ದಾಟಿದರೆ ಉಳಿದಂತೆ ಎನ್ನುತ್ತಾರೆ ಡಾಕ್ಟರು, ದಾಟುವ ಮಾತನ್ನು ಜೋರಾಗಿ ಹೇಳುತ್ತಿಲ್ಲ. ಗಾಜಿಗೆ ಅಳವಡಿಸಿದ ಮಾತುಕೊಳವೆಯಲ್ಲಿ ಮೊದಲ ದಿನ ಅವಳು ಹೇಳಿದ್ದು, “ನಿನ್ನ ಪಾಠ ನನಗ ಭಾಳ ತುಟ್ಟಿ ಬಿತ್ತು ನೋಡವಾ.” ಬೈಗುಳ ಅಷ್ಟೇ. ಆಮೇಲೆ ಆ ಮಾತನ್ನೇ ಎತ್ತಿಲ್ಲ. ಅವಳು ತುಂಬ ತಪ್ಪು ಮಾಡುವವಳಾದ್ದರಿಂದ, ಇದೂ ಅವಳದೇ ಅವಸರ ಎಂದು ಎಲ್ಲರೂ ನಂಬಿದ್ದಾರೆ. ಐದನೆಯ ಸೂಡಿ ಪಾಠಕ್ಕೆ ಹಿರಿಯರು ವಾಕ್ಯ ಹೊಂದಿಸುತ್ತಿದ್ದಾರೆ. ನಾಚಿಕೆಯಿಲ್ಲದೆ ಬರೆಯುತ್ತೇನೆ, ಅದನ್ನು ಕೇಳಿದಾಗಲೂ ನನ್ನ ಎದೆಯಲ್ಲಿ ಮೊದಲು ಚುಚ್ಚಿದ್ದು ಹೊಟ್ಟೆಕಿಚ್ಚೇ.

ನಿನ್ನೆ ಸುದ್ದಿ ಬಂತು. ಆ ಜ್ವರ ಇನ್ನೂ ಮೂರು ಊರುಗಳಲ್ಲಿ ಕಾಣಿಸಿಕೊಂಡಿದೆ. ಆ ಮೂರೂ ಊರುಗಳ ತಡೆಮನೆಗಳಲ್ಲಿ ಇಂದು ಯಾರೋ ಒಳಗೆ ಹೋಗಿದ್ದಾರೆ, ಯಾರೋ ಹೊರಗೆ ಬಂದು ನಲ್ಲಿಯ ಮುಂದೆ ನಿಂತು ನನ್ನ ಹೆಸರು ಓದುತ್ತಿದ್ದಾರೆ. ಇಂದು ಮಧ್ಯಾಹ್ನದ ಪಂಕ್ತಿಯಲ್ಲಿ ಆಡಿದ ಮಾತು ಕೇಳುಗಂಬಗಳಲ್ಲಿ ಎಲ್ಲ ತಡೆಮನೆಗಳಿಗೂ ಕೇಳಿಸುತ್ತದೆ. ವರ್ಷದಲ್ಲಿ ಇದೊಂದೇ ದಿನ ಒಬ್ಬ ನರ್ಸಿನ ಮಾತು ಸಭೆ, ಸಮಿತಿ, ಸಹಿ ಯಾವುದನ್ನೂ ಕಾಯದೆ ಎಲ್ಲರ ಕಿವಿಗೆ ಹೋಗುವುದು. ಈವರೆಗೆ ಯಾರೂ ಪಾಠವೊಂದನ್ನು ಹಿಂದಕ್ಕೆ ಪಡೆದಿಲ್ಲ. ಅದಕ್ಕೆ ಪದ್ಧತಿಯೂ ಇಲ್ಲ, ಪದವೂ ಇಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನಿಮ್ಮಲ್ಲೂ ಹೇಳುತ್ತಿದ್ದಿರಂತೆ. ನನ್ನದು ಒಂದು ಚಮಚ ತುಪ್ಪಕ್ಕೆ ಹೋಯಿತು. ಊಟದ ಗಂಟೆ ಹೊಡೆಯುತ್ತಿದೆ. ಕಾಗದವನ್ನು ಇಲ್ಲಿ ನಿಲ್ಲಿಸಿ ಹೋಗುತ್ತೇನೆ.

ಮೇಲಿನದನ್ನು ಊಟಕ್ಕೆ ಮೊದಲು ಬರೆದಿದ್ದೆ. ಈಗ ಸಂಜೆ ಐದು ಗಂಟೆ.

ನಾನು ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಕನ್ನಡಕ ಜಾರಲಿಲ್ಲ, ಕೆನ್ನೆಗೆ ಬಡಿಯಲಿಲ್ಲ, ಮೂರನೆಯ ಸಲ ಕೈ ತೊಳೆಯಲೇಬೇಕು, ಈಗಲೇ ಗೋಡೆಯಿಂದ ನನ್ನ ಹೆಸರನ್ನು ಅಳಿಸಿ ಎಂದೆ. ಬರುಬಾಗಿಲಲ್ಲಿ ತುಳಸವ್ವನ ಕೈ ಸರಿಯಾದ ಜಾಗಕ್ಕೇ ಹೋಗಿತ್ತು, ಅದನ್ನು ತಡೆದದ್ದು ನಾನು ಎಂದೆ. ಇಷ್ಟು ಹೇಳಲು ನಾಲ್ಕು ನಿಮಿಷವೂ ಬೇಕಾಗಲಿಲ್ಲ. ಯಾರೂ ಉಣ್ಣುತ್ತಿರಲಿಲ್ಲ. ಕಲಿಯಲು ನಿಂತಿದ್ದ ಆ ಒಂಬತ್ತು ಜನರಲ್ಲಿ ಒಬ್ಬಳು ಅಳುತ್ತಿದ್ದಳು. ಸಭೆಯ ಹಿರಿಯರು ತಮ್ಮ ಪುಸ್ತಕ ತಿರುವಿದರು, ಅದರಲ್ಲಿ ಇದಕ್ಕೆ ಪುಟವಿರಲಿಲ್ಲ. ನನ್ನನ್ನು ಹೊರಗೆ ಹಾಕುತ್ತಾರೆ ಎಂದು ಕಾಯುತ್ತಾ ನಿಂತಿದ್ದೆ. ಹಾಕಿದ್ದರೆ ಹಗುರವಾಗುತ್ತಿತ್ತು.

ಆಗ ಅಡುಗೆಯ ಫಕ್ಕೀರವ್ವ ಮಾದಲಿಯ ಬುಟ್ಟಿ ಹಿಡಿದು ಬಂದಳು. ವಯಸ್ಸಾದ ಹೆಂಗಸು, ಪದ್ಧತಿ ಬಿಟ್ಟು ಬೇರೇನೂ ಅರಿಯದವಳು. ಮೊದಲ ಪಂಕ್ತಿಯ ಮೊದಲ ಎಲೆಯನ್ನು ಬೆರಳಿನಿಂದ ತೋರಿಸಿ, “ಕುಂದರ್ರಿ. ತಪ್ಪ ಹೇಳಿದಾಕಿಗೆ ಮೊದಲ ನೀಡಬೇಕು” ಎಂದಳು. ನಾನು ಕದಲಲಿಲ್ಲ. “ಎಂಥಾ ತಪ್ಪು ಅಂತ ಕೇಳೂದು ನನ್ನ ಕೆಲಸ ಅಲ್ಲರಿ. ಕುಂದರ್ರಿ” ಎಂದಳು ಮತ್ತೆ. ಕೂತೆ. ಅವಳು ಮಾದಲಿ ಬಡಿಸಿ, ತುಪ್ಪ ಹಾಕಿ, ನಾನು ಬಾಯಿಗೆ ಇಡುವ ತನಕ ಎದುರಿಗೇ ನಿಂತಳು. ಮೂವತ್ತೊಂದು ವರ್ಷ ಆಸೆಪಟ್ಟ ಜಾಗ. ನಿಜವಾದ ತಪ್ಪಿಗೆ ಸಿಕ್ಕಿದ್ದು, ಯಾರೂ ಅಲ್ಲಗಳೆಯಲಾರದಂಥದ್ದು. ಆ ತುತ್ತನ್ನು ನೀರು ಕುಡಿದು ಇಳಿಸಿದೆ.

ಊಟದ ನಂತರ ಸಭೆಯವರು ಒಂದು ತೀರ್ಮಾನ ಮಾಡಿದರು. ಇನ್ನು ಮುಂದೆ ಪಾಠಗಳಿಗೆ ಯಾರ ಹೆಸರೂ ಇರುವುದಿಲ್ಲ, ಬರೀ ಸಂಖ್ಯೆ. ಎಲ್ಲ ಗೋಡೆಗಳಿಂದ ಎಲ್ಲ ಹೆಸರುಗಳೂ ಹೋಗುತ್ತವೆ. ಕಣ್ಣಾರೆ ನೋಡಿದೆನೆಂದ ತುಳಸವ್ವನ ತಪ್ಪನ್ನು ಅವಳೇ ಗುಣವಾಗಿ ಎದ್ದು ಬಂದು ಹೇಳಲಿ, ಅಲ್ಲಿಯವರೆಗೆ ಕಾಯುತ್ತೇವೆ ಎಂದೂ ಬರೆದರು. ಬಣ್ಣದವರು ಏಣಿ ಹಾಕಿ ಕೆಲಸ ಶುರು ಮಾಡಿದ್ದಾರೆ. ಮೊದಲು ನನ್ನದು ಅಳಿಸಿದರು, ಆಮೇಲೆ ನಿಮ್ಮದು. ಎಸ್ತೇರ ಎಂಬ ಹೆಸರಿನ ಮೇಲೆ ಸುಣ್ಣ ಬೀಳುವಾಗ ನನಗೆ ಸ್ವಲ್ಪ ಖುಷಿಯಾಯಿತು. ಇವತ್ತಿನ ಮಟ್ಟಿಗೆ ಸುಳ್ಳು ಸಾಕಾಗಿದೆ, ಅದಕ್ಕೆ ಇದನ್ನೂ ಬರೆದಿದ್ದೇನೆ.

ಆಮೇಲೆ ಏಳನೆಯ ಕೋಣೆಯ ಗಾಜಿನ ಬಳಿಗೆ ಹೋದೆ. ತುಳಸವ್ವ ಕೇಳುಗಂಬದಲ್ಲಿ ಎಲ್ಲವನ್ನೂ ಕೇಳಿದ್ದಳು. ಮುಖ ಸೊರಗಿ ಕಣ್ಣು ದೊಡ್ಡವಾಗಿದ್ದವು. ನನಗೆ ಕ್ಷಮೆಯ ಮಾತು ಹೊರಡುವ ಮೊದಲೇ ಕೊಳವೆಯಲ್ಲಿ ಅವಳ ದನಿ ಬಂತು.

“ಮಾದಲಿ ಹೆಂಗಿತ್ತಬೇ?”

ಸಪ್ಪಗಿತ್ತು ಎಂದೆ.

“ಸುಳ್ಳ ಹೇಳಬ್ಯಾಡ. ಫಕ್ಕೀರವ್ವನ ಕೈಯಾಂದು ಎಂದೂ ಸಪ್ಪಗಿರಂಗಿಲ್ಲ.” ಅಷ್ಟಕ್ಕೇ ದಣಿದು ಕಣ್ಣು ಮುಚ್ಚಿದಳು. ಆಮೇಲೆ ಕಣ್ಣು ತೆರೆದು, “ಸುಳ್ಳ ಹೇಳಬ್ಯಾಡ ಅಂತ ಹೋದ ವರ್ಷನ ಅನಬೇಕಿತ್ತು ನಾ” ಎಂದಳು.

ಎಸ್ತೇರ ಸಿಸ್ಟರ್, ನಿಮ್ಮಲ್ಲಿ ಒಂದು ಬೇಡಿಕೆಯಿದೆ. ನೀವು ಆ ನಾಲ್ಕು ವಾಕ್ಯ ಬರೆಯುವುದನ್ನು ಬಿಡಬೇಡಿ. ಆದರೆ ನಿಮ್ಮ ಮೇಲಿನವರಿಗೂ ಜೊತೆಯವರಿಗೂ ಈ ಕಾಗದ ತೋರಿಸಿ. ತಪ್ಪು ಒಪ್ಪಿಕೊಂಡವರನ್ನು ಶಿಕ್ಷಿಸಬೇಡಿ, ಶಿಕ್ಷಿಸಿದರೆ ಎಲ್ಲರೂ ಬಚ್ಚಿಡುತ್ತಾರೆ. ಹಾರ ಹಾಕಿ ಮೆರವಣಿಗೆಯನ್ನೂ ಮಾಡಬೇಡಿ, ಮಾಡಿದರೆ ನನ್ನಂಥವಳೊಬ್ಬಳು ಇಲ್ಲದ್ದನ್ನು ಹುಟ್ಟಿಸುತ್ತಾಳೆ. ಹೇಳಿದ್ದನ್ನು ಕೇಳಿಸಿಕೊಳ್ಳಿ, ನಿಜವೇ ಎಂದು ಮಾಡಿ ನೋಡಿ, ಆಮೇಲೆ ಗೋಡೆಗೆ ಬರೆಯಿರಿ. ತಪ್ಪಿಲ್ಲದೆ ಕೆಲಸ ಮಾಡಿದವರಿಗೂ ಬಿಸಿ ರೊಟ್ಟಿಯನ್ನೇ ಬಡಿಸಿ. ಮಾಸ್ಕು, ಔಷಧಿ, ಉಗ್ರಾಣ, ಎರಡು ಬಾಗಿಲು, ಇವೆಲ್ಲ ಈಗಿನಿಂದಲೇ ಬೇಕು, ರೋಗ ಬಂದ ಮೇಲೆ ಅಲ್ಲ. ಆದರೆ ಎಲ್ಲಕ್ಕಿಂತ ಮೊದಲು, ಒಳಗೆ ಹೋಗುವವರ ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿ. ಸ್ನೇಹ ಮುರಿದರೂ ಚಿಂತೆಯಿಲ್ಲ, ‘ನಿಲ್ಲು’ ಎನ್ನಬಲ್ಲವರನ್ನು ನಿಲ್ಲಿಸಿ.

ಇನ್ನು ಹೊರಡುತ್ತೇನೆ. ಇವತ್ತಿನಿಂದ ಹದಿನಾಲ್ಕನೆಯ ದಿನ ದಾಟುವ ತನಕ ಆ ಗಾಜಿನ ಮುಂದೆ ಕೂರಲು ಅಪ್ಪಣೆ ಸಿಕ್ಕಿದೆ. ಅವಳ ಉಸಿರು ತಪ್ಪುತ್ತದೆಯೇ ಎಂದು ನೋಡುವುದು, ತಪ್ಪಿದರೆ ಕೂಗುವುದು, ಇಷ್ಟೇ ಕೆಲಸ. ಆಕಳಿಸುವಂತಿಲ್ಲ. ಮೂವತ್ತೊಂದು ವರ್ಷ ನಿಮ್ಮ ಮೇಲೆ ಹೊಟ್ಟೆಕಿಚ್ಚುಪಟ್ಟೆ. ಈಗ ಒಂದು ವಿಷಯದಲ್ಲಿ ನೀವು ನನ್ನ ಮೇಲೆ ಪಡಬೇಕು. ನಿಮ್ಮ ತಪ್ಪನ್ನು ಯಾರೂ ನೋಡಲಿಲ್ಲ. ನನ್ನದನ್ನು ಒಬ್ಬಳು ನೋಡಿದಳು, ನೋಡಿಯೂ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು, ಮತ್ತು ಈ ಸಾಲು ಬರೆಯುವ ಹೊತ್ತಿಗೆ ಅವಳಿನ್ನೂ ಉಸಿರಾಡುತ್ತಿದ್ದಾಳೆ.

ಇಂತಿ,
ಚಂಪವ್ವ ಹೊಂಬಳ
ಕನ್ನಡಿ, ಏಳನೆಯ ಗಾಜುಕೋಣೆ